ಸರ್ವಿಸ್ ಆದ ಮೇಲೆ ಆಯಿಲ್ ಸೋರುತ್ತಿದೆಯೇ? ಮೊದಲು ಬೋಲ್ಟ್ ಅಳೆಯಿರಿ

ಕಾಫಿ ಕೊಯ್ಲು ಮುಗಿದು ಮಳೆ ಹಿಡಿಯುವುದರೊಳಗೆ ಕೊಡಗಿನ ಬೈಕುಗಳು ಒಮ್ಮೆ ಗ್ಯಾರೇಜಿನ ಮುಖ ನೋಡಿ ಬರುತ್ತವೆ. ಕ್ಲಚ್ ಪ್ಲೇಟ್ ಹೊಸದಾಗುತ್ತದೆ, ಆಯಿಲ್ ಹೊಸದಾಗುತ್ತದೆ. ನಾಲ್ಕು ದಿನ ಕಳೆದ ಮೇಲೆ ನೋಡಿದರೆ ಬೈಕ್ ನಿಲ್ಲಿಸಿದ ಜಾಗದಲ್ಲಿ ಕಪ್ಪು ಕಲೆ. ಮುಂಚೆ ಇಲ್ಲದ ಸೋರಿಕೆ ಸರ್ವಿಸ್ ಆದ ಮೇಲೆ ಬಂತೆಂದರೆ, ಪ್ಯಾಕಿಂಗ್ (ಕವರಿನ ಸಂದಿ ಮುಚ್ಚುವ ತೆಳು ಹಾಳೆ) ಹೋಗಿದೆ ಎಂದು ಸಿಲಿಕೋನ್ ಟ್ಯೂಬ್ ಕೈಗೆತ್ತಿಕೊಳ್ಳುವ ಮೊದಲು ಕ್ಲಚ್ಚನ್ನು ಮುಚ್ಚುವ ಎಂಜಿನ್ ಕವರಿನ ಬೋಲ್ಟ್‌ಗಳನ್ನು ನೋಡಿ. ಒಂದು ತೂತಿನ ಬೋಲ್ಟ್ ಇನ್ನೊಂದು ತೂತಿಗೆ ಹೋಗಿರಬಹುದು.

ಇದನ್ನು ನಾಳೆ ನೋಡೋಣ ಎಂದು ಬಿಡುವಂತಿಲ್ಲ. ಎಂಜಿನ್ ಕವರಿನಿಂದ ಜಿನುಗುವ ಆಯಿಲ್ ಓಡುವಾಗ ಗಾಳಿಗೆ ಹಿಂದಕ್ಕೆ ಹರಡಿ ಹಿಂದಿನ ಟೈರಿನವರೆಗೂ ಹೋಗಬಲ್ಲದು. ಜೂನ್ ಮಳೆಯಲ್ಲಿ ಸಂಪಾಜೆ ಘಾಟಿಯ ತಿರುವಿನಲ್ಲಿ ಅಂಥ ಟೈರ್ ಹಿಡಿತ ಬಿಟ್ಟರೆ ಪ್ರಾಣಕ್ಕೇ ಅಪಾಯ.

ಸೋರುವ ಜಾಗ ಯಾವುದು?

ಆಯಿಲ್ ತೊಟ್ಟಿಕ್ಕುವ ಜಾಗವೇ ಸೋರುವ ಜಾಗ ಆಗಿರಬೇಕೆಂದಿಲ್ಲ. ಎಂಜಿನ್ ತಣ್ಣಗಾದ ಮೇಲೆ ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಅದ್ದಿದ ಬ್ರಷ್‌ನಿಂದ ಕವರ್ ಉಜ್ಜಿ, ಬಟ್ಟೆಯಿಂದ ಪೂರ್ತಿ ಒಣಗಿಸಿ. ಜೋಡಣೆಯ ಅಂಚಿನ ಸುತ್ತ ಟಾಲ್ಕಂ ಪೌಡರ್ ತೆಳ್ಳಗೆ ಉದುರಿಸಿ, ನಿಂತಲ್ಲೇ ಐದು ನಿಮಿಷ ಎಂಜಿನ್ ಓಡಿಸಿ. ಬಿಳಿ ಪುಡಿ ಎಲ್ಲಿ ಮೊದಲು ಒದ್ದೆಯಾಗಿ ಕಪ್ಪಾಗುತ್ತದೋ ಅಲ್ಲೇ ಸೋರಿಕೆ. ಹಲವು ಕಡೆ ಒದ್ದೆಯಾದರೆ ಎಲ್ಲಕ್ಕಿಂತ ಮೇಲಿನದನ್ನು, ಮುಂದಿನದನ್ನು ಹಿಡಿಯಿರಿ.

ಆ ಜಾಗದ ಪಕ್ಕದ ಬೋಲ್ಟ್ ತಲೆಯ ಕೆಳಗೆ ತೆಳ್ಳನೆಯ ಕಾಗದದ ಚೂರು ತೂರಿಸಿ ನೋಡಿ. ಸ್ಪ್ಯಾನರ್‌ಗೆ ಬಿಗಿಯಾಗಿ ಸಿಗುವ ಬೋಲ್ಟಿನ ತಲೆಯಡಿ ಕಾಗದ ಸಲೀಸಾಗಿ ಹೋದರೆ ಅಪರಾಧಿ ಸಿಕ್ಕಿತು.

ಹೀಗಾಗುವುದು ಏಕೆ?

ಕ್ಲಚ್ ಕವರಿನ ಬೋಲ್ಟ್‌ಗಳು ನೋಡಲು ಅಣ್ಣತಮ್ಮಂದಿರ ಹಾಗೆ. ಹೆಚ್ಚಿನ ಬೈಕುಗಳಲ್ಲಿ ಎಲ್ಲವೂ 6 ಮಿ.ಮೀ. ದಪ್ಪ, ತಲೆಯೂ ಒಂದೇ. ಉದ್ದ ಮಾತ್ರ ಬೇರೆ, ಅದೂ 5 ಅಥವಾ 10 ಮಿ.ಮೀ. ವ್ಯತ್ಯಾಸ. ಬಿಚ್ಚಿ ಒಂದೇ ತಟ್ಟೆಗೆ ಸುರಿದರೆ ಕಲಸಿಹೋಯಿತೆಂದೇ ಲೆಕ್ಕ.

ಉದ್ದದ ಬೋಲ್ಟ್ ಗಿಡ್ಡ ತೂತಿಗೆ ಹೋದರೆ ತುದಿ ತಳಕ್ಕೆ ತಾಗಿ ನಿಂತುಬಿಡುತ್ತದೆ. ಕೈಗೆ ಬಿಗಿಯಾದಂತೆ ಅನ್ನಿಸುತ್ತದೆ, ಆದರೆ ಕವರನ್ನು ಒತ್ತಿ ಹಿಡಿದಿರುವುದಿಲ್ಲ. ಇನ್ನೂ ಬಲ ಹಾಕಿದರೆ ಅಲ್ಯೂಮಿನಿಯಂ ಕೇಸ್ ಬಿರುಕು ಬಿಡಬಹುದು. ಗಿಡ್ಡ ಬೋಲ್ಟ್ ಉದ್ದದ ತೂತಿಗೆ ಹೋದಾಗ ಮೂರು ನಾಲ್ಕು ಥ್ರೆಡ್ ಮಾತ್ರ ಹಿಡಿಯುತ್ತವೆ. ಇವತ್ತು ನಿಲ್ಲುತ್ತದೆ, ಎಂಜಿನ್ ಕಾದು ತಣಿದು ಅದುರುತ್ತಾ ಒಂದು ದಿನ ಅಲ್ಯೂಮಿನಿಯಂ ಥ್ರೆಡ್ಡನ್ನೇ ಕಿತ್ತುಕೊಂಡು ಬರುತ್ತದೆ. ಆದ್ದರಿಂದ ಸೋರಿತೆಂದು ಮತ್ತಷ್ಟು ಬಿಗಿಯಬೇಡಿ. ಸಣ್ಣ ಕೆಲಸವನ್ನು ದೊಡ್ಡದು ಮಾಡುವುದು ಆ ಒಂದು ಸುತ್ತೇ.

ಬಿಚ್ಚುವುದು, ಅಳೆಯುವುದು

ಡ್ರೈನ್ ಬೋಲ್ಟ್ ತೆಗೆದು ಆಯಿಲನ್ನು ಅಗಲ ಪಾತ್ರೆಗೆ ಬಿಡಿ. ಕಿಕ್ಕರ್, ಕ್ಲಚ್ ಕೇಬಲ್ ಅಡ್ಡ ಬಂದರೆ ಕಳಚಿಡಿ. ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಬೋಲ್ಟ್ ಇರುವಲ್ಲೆಲ್ಲ ತೂತು ಮಾಡಿ, ಬಿಚ್ಚಿದ ಪ್ರತಿ ಬೋಲ್ಟನ್ನೂ ಅದರದೇ ತೂತಿಗೆ ಚುಚ್ಚಿಡಿ. ಈಗಿನ ಜೋಡಣೆ ತಪ್ಪಿದ್ದರೂ ಎಲ್ಲಿ ತಪ್ಪಿದೆ ಎಂದು ತಿಳಿಯಲು ಇದು ಬೇಕೇ ಬೇಕು.

ಬೋಲ್ಟ್ ತುದಿಗಳನ್ನು ಬೆಳಕಿಗೆ ಹಿಡಿದು ನೋಡಿ. ತಳಕ್ಕೆ ಒತ್ತಿದ ಬೋಲ್ಟಿನ ತುದಿ ಉಜ್ಜಿದಂತೆ ಹೊಳೆಯುತ್ತದೆ. ಥ್ರೆಡ್ ನಡುವೆ ಬೆಳ್ಳಗಿನ ಲೋಹದ ಎಳೆ ಸುತ್ತಿಕೊಂಡಿದ್ದರೆ ಅದು ಕೇಸಿನ ಥ್ರೆಡ್ ಕಿತ್ತು ಬಂದದ್ದು.

ಯಾವುದು ಎಲ್ಲಿಗೆ ಎನ್ನುವುದಕ್ಕೆ ನಂಬಿಕೆಯ ಪರೀಕ್ಷೆ ಒಂದಿದೆ. ಕವರನ್ನು ಜಾಗದಲ್ಲಿ ಕೂರಿಸಿ, ಬೋಲ್ಟ್‌ಗಳನ್ನು ತಿರುಗಿಸದೆ ಸುಮ್ಮನೆ ತೂತಿಗೆ ಇಳಿಸಿ. ಸಾಮಾನ್ಯವಾಗಿ ಎಲ್ಲ ತಲೆಗಳೂ ಕವರಿನಿಂದ ಸರಿಸುಮಾರು ಒಂದೇ ಎತ್ತರಕ್ಕೆ ನಿಲ್ಲಬೇಕು. ಒಂದು ಎತ್ತರಕ್ಕೆ ನಿಂತು ಇನ್ನೊಂದು ತಗ್ಗಿದರೆ ಅವೆರಡನ್ನೂ ಅದಲು ಬದಲು ಮಾಡಿ ನೋಡಿ. ಕೊನೆಯ ಮಾತು ಬೈಕಿನ ಮ್ಯಾನುಯಲ್‌ನದೇ. 6 ಮಿ.ಮೀ. ಬೋಲ್ಟಿನ ಥ್ರೆಡ್ ಸಾಮಾನ್ಯವಾಗಿ ಒಂದು ಸುತ್ತಿಗೆ 1 ಮಿ.ಮೀ. ಇಳಿಯುತ್ತದೆ. ಅಲ್ಯೂಮಿನಿಯಂನಲ್ಲಿ ಕನಿಷ್ಠ 9 ಮಿ.ಮೀ.ಯಷ್ಟಾದರೂ ಹಿಡಿತ ಬೇಕು. ಅಂದರೆ ಹಿಡಿಯಲು ಶುರುವಾದಾಗಿನಿಂದ ಒಂಬತ್ತು ಹತ್ತು ಸುತ್ತು ಹೋಗಬೇಕು. ನಾಲ್ಕೇ ಸುತ್ತಿಗೆ ತಲೆ ಕೂತರೆ ಆ ಬೋಲ್ಟ್ ಅಲ್ಲಿನದಲ್ಲ.

ಮತ್ತೆ ಜೋಡಿಸುವಾಗ

ಹಳೆಯ ಪ್ಯಾಕಿಂಗನ್ನು ಸ್ಕ್ರೂಡ್ರೈವರಿನಿಂದ ಕೆರೆಯಬೇಡಿ, ಅಂಚಿಗೆ ಬಿದ್ದ ಗೀರೇ ಮುಂದಿನ ಸೋರಿಕೆಗೆ ದಾರಿ. ಮರದ ಅಥವಾ ಪ್ಲಾಸ್ಟಿಕ್ಕಿನ ಚಕ್ಕೆ ಸಾಕು. ತೂತುಗಳೊಳಗೆ ನಿಂತ ಆಯಿಲನ್ನು ಬಟ್ಟೆಯ ಬತ್ತಿ ತೂರಿಸಿ ಹೀರಿಸಿ. ಆಯಿಲ್ ತುಂಬಿದ, ತಳ ಮುಚ್ಚಿದ ತೂತಿಗೆ ಬೋಲ್ಟ್ ಬಿಗಿದರೆ ಹೊರಹೋಗಲು ದಾರಿಯಿಲ್ಲದ ಆಯಿಲೇ ಕೇಸನ್ನು ಸೀಳಬಹುದು. ಹೊಸ ಪ್ಯಾಕಿಂಗ್ ಹಾಕಿ. ಕಾಗದದ ಪ್ಯಾಕಿಂಗ್ ಇದ್ದಲ್ಲಿ ಮೇಲಿಂದ ಸಿಲಿಕೋನ್ ಬಳಿಯುವ ಅಗತ್ಯವಿಲ್ಲ. ಒಳಕ್ಕೆ ಉಬ್ಬಿ ಬಂದ ಸಿಲಿಕೋನ್ ತುಂಡಾಗಿ ಆಯಿಲ್ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಹೊರಗಿನಿಂದ ಎಂ-ಸೀಲ್ ಮೆತ್ತುವುದಂತೂ ವ್ಯರ್ಥ, ಆಯಿಲ್ ಅಂಟಿದ ಲೋಹಕ್ಕೆ ಅದು ಹಿಡಿಯುವುದೇ ಇಲ್ಲ.

ಬೋಲ್ಟನ್ನು ಮೊದಲು ಬೆರಳಿನಲ್ಲೇ ಹಿಂದಕ್ಕೆ ತಿರುಗಿಸಿ. ಟಕ್ ಎಂದು ಸಣ್ಣದಾಗಿ ಕುಳಿತದ್ದು ಗೊತ್ತಾದ ಮೇಲೆ ಮುಂದಕ್ಕೆ. ಮೂರು ನಾಲ್ಕು ಸುತ್ತು ಬೆರಳಿಗೇ ಹೋಗದಿದ್ದರೆ ಥ್ರೆಡ್ ಅಡ್ಡ ಕೂತಿದೆ, ತೆಗೆದು ಮತ್ತೆ ಹಾಕಿ. ಎಲ್ಲವೂ ಕೂತ ಮೇಲೆ ಎದುರುಬದುರಾಗಿ, ಎರಡು ಮೂರು ಹಂತದಲ್ಲಿ ಬಿಗಿಯಿರಿ. ಈ ಅಳತೆಯ ಕವರ್ ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು. ಬಿಗಿಯುವ ಬಲವನ್ನು ಅಳೆಯುವ ಟಾರ್ಕ್ ರೆಂಚ್ ಇಲ್ಲದವರು ಸಣ್ಣ ಸ್ಪ್ಯಾನರನ್ನು ತಲೆಯ ಹತ್ತಿರವೇ ಹಿಡಿದು ಮಣಿಕಟ್ಟಿನ ಬಲ ಮಾತ್ರ ಹಾಕಿ, ತೋಳಿನ ಬಲ ಬೇಡ. ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಲು ಮರೆಯಬೇಡಿ.

ಥ್ರೆಡ್ ಆಗಲೇ ಹೋಗಿದ್ದರೆ ದಪ್ಪ ಬೋಲ್ಟ್ ತುರುಕುವುದು, ಟೆಫ್ಲಾನ್ ಟೇಪ್ ಸುತ್ತುವುದು ಪರಿಹಾರವಲ್ಲ. ಲೇತ್ ಅಂಗಡಿಯಲ್ಲಿ ಹೆಲಿಕಾಯಿಲ್ ಹಾಕಿಸಿ. ತೂತನ್ನು ಸ್ವಲ್ಪ ಹಿಗ್ಗಿಸಿ, ಉಕ್ಕಿನ ಸುರುಳಿ ಕೂರಿಸಿ, ಮೊದಲಿನ ಅಳತೆಯ ಬೋಲ್ಟೇ ಹಿಡಿಯುವಂತೆ ಮಾಡುತ್ತಾರೆ. ಕೊರೆಯುವಾಗ ಲೋಹದ ಪುಡಿ ಎಂಜಿನ್ನಿನೊಳಗೆ ಬೀಳದಂತೆ ಬಟ್ಟೆ ತುರುಕಲು ಹೇಳಿ, ಡ್ರಿಲ್ ಬಿಟ್ ತುದಿಗೆ ಗ್ರೀಸ್ ಹಚ್ಚಲು ಹೇಳಿ.

ಆಯಿಲ್ ತುಂಬಿದ ಮೇಲೆ ಮಟ್ಟ ನೋಡಲು ಸಮತಟ್ಟಾದ ಜಾಗ ಬೇಕು. ನಮ್ಮ ಇಳಿಜಾರಿನ ಅಂಗಳಗಳಲ್ಲಿ ಅದು ಸಿಗುವುದು ಕಷ್ಟ, ಕಾಫಿ ಒಣಗಿಸುವ ಕಣಕ್ಕೇ ಬೈಕ್ ತಂದು ನಿಲ್ಲಿಸಿ, ಕೆಳಗೆ ರಟ್ಟು ಹಾಸಿ. ಎಂಜಿನ್ ಓಡಿಸಿ, ನಿಲ್ಲಿಸಿ, ಎರಡು ಮೂರು ನಿಮಿಷ ಬಿಟ್ಟು ಮಟ್ಟ ನೋಡಿ. ಮತ್ತೆ ಪೌಡರ್ ಉದುರಿಸಿ ಊರೊಳಗೇ ಒಂದು ಸುತ್ತು ಹೋಗಿ ಬನ್ನಿ. ಅಂಚು ಒಣಗಿಯೇ ಇದ್ದರೆ ಘಾಟಿ ಇಳಿಯಬಹುದು. ತೆಗೆದ ಹಳೆ ಆಯಿಲನ್ನು ಡಬ್ಬಿಯಲ್ಲಿ ಮುಚ್ಚಿ, ಹಳೆ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೇ ಕೊಡಿ. ಇಲ್ಲಿ ತೋಡಿಗೆ ಸುರಿದದ್ದು ಕಾವೇರಿಗೋ ಪಯಸ್ವಿನಿಗೋ ಹೋಗಿ ಸೇರುತ್ತದೆ.