ಗೆದ್ದಲು ತಿಂದ ಬಾಗಿಲಿಗೆ ಜೋಡಿ ಕೆತ್ತಿದ ನನ್ನ ಅನುಭವ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ಒಂದು ಹಳೆಯ ಮನೆಯ ಹೆಬ್ಬಾಗಿಲಿನಲ್ಲಿ ಬಲಗಡೆಯ ಹಲಗೆಯನ್ನು ಗೆದ್ದಲು ತಿಂದು ಮುಗಿಸಿತ್ತು. ಎಡಗಡೆಯ ಹಲಗೆಯ ಬಳ್ಳಿ ಮತ್ತು ತಾವರೆ ಮಾತ್ರ ಮುಕ್ಕಾಗದೆ ಉಳಿದಿದ್ದವು. ಆ ಎಡ ಹಲಗೆಯನ್ನು ಸ್ಕ್ಯಾನ್ ಮಾಡಿ, ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿ, ಕಂಪ್ಯೂಟರಿನ ಆದೇಶದಂತೆ ಮರ ಕೆತ್ತುವ, ನಾನೇ ಕಟ್ಟಿದ ಸಿಎನ್‌ಸಿ ರೂಟರಿನಲ್ಲಿ ಹೊಸ ಬಲ ಹಲಗೆಯನ್ನು ಕೆತ್ತಿಕೊಡುತ್ತೇನೆ ಎಂದು ಹೇಳಿದಾಗ ಮನೆಯ ಯಜಮಾನರು ಒಪ್ಪಿದರು. ದಾರಂದ (ಬಾಗಿಲ ಚೌಕಟ್ಟು) ಸರಿಪಡಿಸಲು ಬಂದಿದ್ದ ಹಿರಿಯ ಆಚಾರಿಯವರು ಮಾತ್ರ, "ಬಳ್ಳಿಯ ಗೆರೆ ಬಂದೀತು, ಎಲೆಯ ತಿರುವು ಬಾರದು" ಎಂದರು. ಮೊದಲ ನಾಲ್ಕು ತಿಂಗಳು ಅವರ ಮಾತೇ ನಿಜವಾಗಿತ್ತು.

ಯಂತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಡಿಕೆ ಸುಲಿಯುವ ಶೆಡ್ಡಿನ ಒಂದು ಮೂಲೆಯಲ್ಲಿ ನಿಂತಿರುವ ಅದರಲ್ಲಿ ನೇಮಾ 23 ಮೋಟಾರುಗಳು, 1605 ಬಾಲ್ ಸ್ಕ್ರೂ, ಮೋಟಾರುಗಳಿಗೆ ವಿದ್ಯುತ್ ಕೊಡುವ ಟಿಬಿ6600 ಡ್ರೈವರುಗಳು ಮತ್ತು ಯಂತ್ರವನ್ನು ನಡೆಸುವ ಜಿಆರ್‌ಬಿಎಲ್ ಎಂಬ ತಂತ್ರಾಂಶ ತುಂಬಿದ ಆರ್ಡುಯಿನೊ ಊನೊ ಎಂಬ ಪುಟ್ಟ ಬೋರ್ಡ್ ಇವೆ. ಒಂದು ಮಿಲಿಮೀಟರ್ ಸರಿಯಲು ಮೋಟಾರು ಇಡುವುದು 320 ಸ್ಟೆಪ್. ಸುಟ್ಟುಹೋದ ಎರಡು ಡ್ರೈವರುಗಳನ್ನೂ ಸೇರಿಸಿ ಸುಮಾರು 78,000 ರೂಪಾಯಿ ಆಗಿರಬಹುದು. ಕೆತ್ತನೆಯ ಭಾಗ 300 ಮಿ.ಮೀ. ಅಗಲ, 450 ಮಿ.ಮೀ. ಉದ್ದ, 18 ಮಿ.ಮೀ. ಆಳವಿತ್ತು.

ಸ್ಕ್ಯಾನ್ ಎಂದರೆ ಫೋನಿನಲ್ಲಿ ತೆಗೆದ ಫೋಟೋಗಳು ಮತ್ತು ಅವುಗಳಿಂದ ಮೂರು ಆಯಾಮದ ರೂಪ ಕಟ್ಟುವ ಮೆಶ್‌ರೂಮ್ ಎಂಬ ತಂತ್ರಾಂಶ. ಅದಕ್ಕೆ ಬೇಕಾದ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ನನ್ನ ಕಂಪ್ಯೂಟರಿನಲ್ಲಿ ಇಲ್ಲದ ಕಾರಣ ಸೋದರಳಿಯನ ಗೇಮಿಂಗ್ ಲ್ಯಾಪ್‌ಟಾಪನ್ನು ವಾರಗಟ್ಟಲೆ ಎರವಲು ಪಡೆಯಬೇಕಾಯಿತು. ಹಲವು ವರ್ಷ ಎಣ್ಣೆ, ಪಾಲಿಷ್ ಕುಡಿದು ಕಪ್ಪಗೆ ಹೊಳೆಯುತ್ತಿದ್ದ ಹಲಸಿನ ಹಲಗೆಯ ಮೊದಲ 60 ಫೋಟೋಗಳಿಂದ ದೊರೆತದ್ದು ತೂತು ಬಿದ್ದ ಕಂಬಳಿಯಂತಹ ಒಂದು ರೂಪ. ಪೌಡರ್ ಹಚ್ಚಿದೆ, ಹೊಳಪು ಹೋಯಿತು, ಆದರೆ ಎಲ್ಲವೂ ಒಂದೇ ಬಿಳಿಯಾದಾಗ ತಂತ್ರಾಂಶಕ್ಕೆ ಒಂದು ಫೋಟೋವನ್ನು ಇನ್ನೊಂದರೊಡನೆ ಹೊಂದಿಸಲು ಗುರುತುಗಳೇ ಉಳಿಯಲಿಲ್ಲ. ಬಿಳಿಯ ಮೇಲೆ ಸಣ್ಣ ಕಪ್ಪು ಚುಕ್ಕೆಗಳು ಬೇಕು. ಮರಕ್ಕೆ ಕಲೆಯಾಗದಂತೆ, ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುವಂತಹ ಚುಕ್ಕೆಗಳನ್ನು ಯಾವುದರಿಂದ ಉದುರಿಸುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅದನ್ನು ಕಂಡುಕೊಳ್ಳಲು ಒಂದು ಮಳೆಗಾಲವೇ ಕಳೆದಿದೆ.

ಅದರ ನಂತರವೂ ಕಂಪ್ಯೂಟರಿನಲ್ಲಿ ಹಲಗೆ ಸಪಾಟಾಗಿ ಬರಲಿಲ್ಲ. ನಡುವೆ ಸುಮಾರು 3 ಮಿ.ಮೀ. ಉಬ್ಬಿಕೊಂಡು, ಮಗುಚಿಟ್ಟ ತಟ್ಟೆಯಂತೆ ಕಾಣುತ್ತಿತ್ತು. ಫೋಟೋಗಳನ್ನೆಲ್ಲ ಎದುರಿನಿಂದಲೇ ನೇರವಾಗಿ ತೆಗೆದದ್ದೇ ಅದಕ್ಕೆ ಕಾರಣ: ಲೆನ್ಸಿನ ವಕ್ರತೆ ಮತ್ತು ವಸ್ತುವಿನ ವಕ್ರತೆ ಯಾವುದೆಂದು ಆಗ ಲೆಕ್ಕಕ್ಕೆ ತಿಳಿಯುವುದಿಲ್ಲ. ನಾಲ್ಕೂ ಕಡೆಯಿಂದ ಓರೆಯಾಗಿ ಇನ್ನೂ 80 ಫೋಟೋ ಸೇರಿಸಿದ ಮೇಲೆ ಉಬ್ಬು ಇಳಿಯಿತು. ಅಳತೆಗಾಗಿ ಹಲಗೆಯ ಅಂಚಿಗೆ ಒಂದು ಸ್ಟೀಲ್ ಸ್ಕೇಲನ್ನು ಅಂಟಿಸಿಯೇ ಫೋಟೋ ತೆಗೆಯುತ್ತೇನೆ.

ಈ ನಡುವೆ ಫೋಟೋವೇ ಬೇಡವೆಂದು, ಕೆತ್ತುವ ಬಿಟ್ಟನ್ನು ತಿರುಗಿಸುವ ಸ್ಪಿಂಡಲಿನ ಜಾಗದಲ್ಲಿ ಸ್ಪ್ರಿಂಗಿನ ಸೂಜಿ ಮತ್ತು ಸ್ವಿಚ್ ಕಟ್ಟಿ, ಜಿ38.2 ಆದೇಶದಿಂದ ಮರವನ್ನು ಮುಟ್ಟಿ ಮುಟ್ಟಿ ಅಳೆಯುವ ಪ್ರಯೋಗವನ್ನೂ ಮಾಡಿದೆ. ಹತ್ತು ಸೆಂಟಿಮೀಟರ್ ಚೌಕದ ಒಂದು ಎಲೆಗೆ, ಮಿಲಿಮೀಟರಿಗೆ ಒಂದರಂತೆ ಹತ್ತು ಸಾವಿರ ಬಿಂದುಗಳಾದವು. ರಾತ್ರಿ ಎಂಟಕ್ಕೆ ಹಚ್ಚಿದ್ದು ಬೆಳಿಗ್ಗೆ ಏಳರ ಹೊತ್ತಿಗೆ ಮುಗಿಯಿತು. ಅಳತೆ ಬಹಳ ಚೆನ್ನಾಗಿತ್ತು, ಆದರೆ ಇಡೀ ಹಲಗೆಗೆ ಆರು ದಿನಗಳಿಗೂ ಹೆಚ್ಚು ಬೇಕಿತ್ತು.

ನಿಜವಾದ ತೊಂದರೆ ಆರಂಭವಾದದ್ದು ಸ್ಕ್ಯಾನ್ ಸರಿಯಾದ ಮೇಲೆ. ಮೊದಲು ಅದನ್ನು, ಆಳವನ್ನು ಬಣ್ಣದ ಗಾಢತೆಯಿಂದ ತೋರಿಸುವ ಬೂದು ಚಿತ್ರವಾಗಿ ಮಾಡಿ ಕೆತ್ತಿದೆ. ಚಿತ್ರ 8 ಬಿಟ್ಟಿನದಾಗಿ, ಅಂದರೆ ಅದರಲ್ಲಿ 256 ಛಾಯೆಗಳಷ್ಟೇ ಇದ್ದುದರಿಂದ 18 ಮಿ.ಮೀ. ಆಳವು 256 ಮೆಟ್ಟಿಲುಗಳಾಗಿ ಒಡೆದು, ಪ್ರತಿ ಮೆಟ್ಟಿಲೂ ಸುಮಾರು 0.07 ಮಿ.ಮೀ. ಆಯಿತು. ಕೈಗೆ ಅದು ತಿಳಿಯುವುದಿಲ್ಲ. ಪಾಲಿಷ್ ಬಿದ್ದೊಡನೆ ಎಲೆಯ ಮೇಲೆ ಗುಡ್ಡದ ಗದ್ದೆಗಳ ಹಾಗೆ ಸಾಲು ಸಾಲು ಗೆರೆಗಳು ಎದ್ದು ನಿಂತವು. ಒಂದು ಒಳ್ಳೆಯ ತುಂಡು ಹಾಳಾಯಿತು. ಅಂದಿನಿಂದ ಚಿತ್ರವನ್ನು ಬಿಟ್ಟು, ಹಲಗೆಯ ಮೈಯನ್ನು ತ್ರಿಕೋನಗಳಾಗಿ ಬರೆದಿಡುವ ಎಸ್‌ಟಿಎಲ್ ಕಡತದಿಂದಲೇ ನೇರವಾಗಿ ಟೂಲ್‌ಪಾತ್, ಅಂದರೆ ಬಿಟ್ ಸಾಗುವ ದಾರಿ, ಮಾಡುತ್ತೇನೆ.

ಆ ಕಡತದಲ್ಲಿ 40 ಲಕ್ಷದಷ್ಟು ತ್ರಿಕೋನಗಳಿದ್ದವು. ಹೆಚ್ಚಿದ್ದಷ್ಟು ಒಳ್ಳೆಯದೆಂದು ನಂಬಿ ಒಂದನ್ನೂ ಬಿಡದೆ ಕೊಟ್ಟ ಫಲವಾಗಿ 0.05 ಮಿ.ಮೀ.ಯ ತುಣುಕು ಗೆರೆಗಳಿಂದ ತುಂಬಿದ, 200 ಎಂಬಿಗೂ ಮಿಕ್ಕಿದ ಜಿ-ಕೋಡ್ (ಯಂತ್ರಕ್ಕೆ ಕೊಡುವ ಆದೇಶಗಳ ಕಡತ) ಹುಟ್ಟಿತು. ರೂಟರ್ ನಡುಗುತ್ತಾ, ನಿಂತು ನಿಂತು ಓಡುತ್ತಿತ್ತು; ನಿಂತಲ್ಲೆಲ್ಲ ಬಿಟ್ ಉಜ್ಜಿ ಮರ ಕಂದುಗಟ್ಟುತ್ತಿತ್ತು. ಸ್ಕ್ರೂ ಸಡಿಲವೆಂದು, ಮೋಟಾರು ದುರ್ಬಲವೆಂದು ಶಂಕಿಸಿ ಮೂರು ವಾರ ಬಿಚ್ಚಿ ಜೋಡಿಸಿದೆ. ಕೊನೆಗೆ ಕಾಗದ ಹಿಡಿದು ಲೆಕ್ಕ ಹಾಕಿದಾಗ ವಿಷಯ ತಿಳಿಯಿತು. ನಿಮಿಷಕ್ಕೆ 1500 ಮಿ.ಮೀ. ವೇಗದಲ್ಲಿ ಸೆಕೆಂಡಿಗೆ 500 ಸಾಲುಗಳು ಬೇಕು, ಸಾಲಿಗೆ 25 ಅಕ್ಷರಗಳಾದರೆ 12,500 ಅಕ್ಷರಗಳು. 115200 ಬಾಡ್ ವೇಗದ ಕೇಬಲ್ ಸೆಕೆಂಡಿಗೆ ಹೆಚ್ಚೆಂದರೆ 11,520 ಅಕ್ಷರಗಳನ್ನು ಸಾಗಿಸುತ್ತದೆ. ಅದಲ್ಲದೆ ಜಿಆರ್‌ಬಿಎಲ್ ಮುಂದಿನ ಹದಿನಾರು ಗೆರೆಗಳನ್ನಷ್ಟೇ ನೋಡಿ ವೇಗವನ್ನು ನಿರ್ಧರಿಸುವುದರಿಂದ, ಅದರ ಕಣ್ಣಿಗೆ ಮುಂದಿನ ದಾರಿ 0.8 ಮಿ.ಮೀ. ಮಾತ್ರ ಕಾಣುತ್ತಿತ್ತು. ಅಷ್ಟರೊಳಗೆ ನಿಲ್ಲಬೇಕಾದೀತೆಂದು ಅದು ವೇಗವನ್ನೇ ಏರಿಸುತ್ತಿರಲಿಲ್ಲ.

ಮೆಶ್‌ಲ್ಯಾಬ್ ಎಂಬ ತಂತ್ರಾಂಶದಲ್ಲಿ ತ್ರಿಕೋನಗಳನ್ನು ಮೂರೂವರೆ ಲಕ್ಷಕ್ಕೆ ಇಳಿಸಿದೆ. ಕೊನೆಯ ನಯದ ಕೆತ್ತನೆಗೆ ಬಳಸುವ ನನ್ನ ಫಿನಿಶಿಂಗ್ ಬಿಟ್ಟಿನ ತುದಿ 1 ಮಿ.ಮೀ. ತ್ರಿಜ್ಯದ್ದು, ಅದು ಇಳಿಯಲಾರದ ಸಂದನ್ನು ಕಡತದಲ್ಲಿ ಇಟ್ಟುಕೊಂಡು ಪ್ರಯೋಜನವಿಲ್ಲ. ಟೂಲ್‌ಪಾತಿನ ಟಾಲರೆನ್ಸನ್ನು (ಆಕಾರದಿಂದ ಎಷ್ಟು ಸರಿಯಬಹುದೆಂಬ ಮಿತಿ) 0.02 ಮಿ.ಮೀ.ಗೆ ಇಟ್ಟು, ಪ್ರತಿ ಸಾಲಿನಲ್ಲೂ ಮತ್ತೆ ಮತ್ತೆ ಬರುತ್ತಿದ್ದ ಜಿ1 (ನೇರ ಸಾಗು) ಮತ್ತು ಎಫ್ (ವೇಗ) ಆದೇಶಗಳನ್ನು ಅಳಿಸಿ, ದಶಮಾಂಶವನ್ನು ಎರಡಕ್ಕೆ ನಿಲ್ಲಿಸಿದೆ. ಕಡತ 13 ಎಂಬಿ ಆಯಿತು. ಆ ದಿನ ರೂಟರ್ ಒಂದೇ ಶ್ರುತಿಯಲ್ಲಿ ಓಡಿದ್ದನ್ನು ಕೇಳುತ್ತಾ ಹಳದಿ ಹುಡಿಯ ನಡುವೆ ಬಹಳ ಹೊತ್ತು ನಿಂತಿದ್ದೆ. ಕನ್ನಡಿ ತಿರುಗಿಸಿದ ಮೇಲೆ ತ್ರಿಕೋನಗಳ ಮುಖ ಒಳಮೈಗೆ ಹೋಗುವುದನ್ನು ಸರಿಪಡಿಸಲು ಮರೆಯಬಾರದು. ನಾನು ಮರೆತು ಒಂದು ದಿನ ಕಳೆದುಕೊಂಡೆ.

ಸಾಲಿನಿಂದ ಸಾಲಿಗೆ 0.3 ಮಿ.ಮೀ. ಅಂತರದಲ್ಲಿ ಫಿನಿಶಿಂಗಿಗೆ ಲೆಕ್ಕದಂತೆ ಐದು ಗಂಟೆ, ವಾಸ್ತವದಲ್ಲಿ ಏಳು ಗಂಟೆ ಬೇಕು. ಜೂನ್ ತಿಂಗಳಲ್ಲಿ ನಮ್ಮ ಕಡೆ ಅಷ್ಟು ಹೊತ್ತು ಕರೆಂಟು ಸತತವಾಗಿ ಇರುವುದಿಲ್ಲವಾದ್ದರಿಂದ ಟೂಲ್‌ಪಾತನ್ನು 50 ಮಿ.ಮೀ.ಯ ಒಂಬತ್ತು ಪಟ್ಟಿಗಳಾಗಿ ಮಾಡಿದೆ. ಕರೆಂಟು ಹೋದರೆ ಹೋಮ್ ಮಾಡಿ, ಅಂದರೆ ಯಂತ್ರವನ್ನು ಅದರ ಆರಂಭದ ಮೂಲೆಗೆ ತಂದು, ಆ ಪಟ್ಟಿಯನ್ನಷ್ಟೇ ಮತ್ತೆ ಓಡಿಸಬಹುದು. ಮಳೆಯ ತೇವಕ್ಕೆ ಅಡಿಯ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಉಬ್ಬುವುದರಿಂದ ಪ್ರತಿದಿನ ಜೆಡ್ ಸೊನ್ನೆಯನ್ನು, ಅಂದರೆ ಆಳದ ಅಳತೆ ಆರಂಭವಾಗುವ ಎತ್ತರವನ್ನು, ಹೊಸದಾಗಿ ಹಿಡಿಯಬೇಕು.

ಯಕ್ಷಗಾನದ ವೇಷಧಾರಿಯೊಬ್ಬರು ತಮ್ಮ ಒಂದು ಭುಜಕೀರ್ತಿಗೆ ಜೋಡಿ ಕೇಳಿದಾಗ ಇದೇ ಕ್ರಮವನ್ನು ಹಗುರ ಮರದಲ್ಲಿ ಪ್ರಯೋಗಿಸಿದೆ. ಮೇಲೆ ಬೇಗಡೆ ಅಂಟಿಸಿದೊಡನೆ ನನ್ನ ಸೂಕ್ಷ್ಮ ಗೆರೆಗಳೆಲ್ಲ ಮುಚ್ಚಿಹೋದವು. ಅಂತಹ ಕೆಲಸಕ್ಕೆ 0.8 ಮಿ.ಮೀ. ಅಂತರವೇ ಸಾಕು, ಮೂರು ಪಾಲು ಸಮಯದಲ್ಲಿ ಎರಡು ಪಾಲಿನಷ್ಟು ಉಳಿಯುತ್ತದೆ.

ಬಾಗಿಲಿನ ಹಲಗೆಗೆ ಹಳೆಯ ಹಲಸಿನ ತೊಲೆ, ಮುರಿದ ನಾಲ್ಕು ಬಿಟ್ಟುಗಳು ಮತ್ತು ಹಾಳಾದ ತುಂಡುಗಳು ಸೇರಿ ಸುಮಾರು 9,000 ರೂಪಾಯಿ ಖರ್ಚಾಗಿ, 14,000 ದೊರೆಯಿತು. ಎಲೆಯ ತಿರುವು ಬಂದಿದೆ, ಮುಟ್ಟಿ ನೋಡಿದರೂ ಬಂದಿದೆ. ಬಳ್ಳಿಯ ಅಡಿಗೆ ಒಳಸರಿದ ಜಾಗಗಳಿಗೆ ಮಾತ್ರ ಮೂರು ಅಕ್ಷದ ಯಂತ್ರದ ಬಿಟ್ ತಲುಪುವುದಿಲ್ಲ. ಅಲ್ಲಿ ಬಿಟ್ಟಿದ್ದ ಮರವನ್ನು ಅದೇ ಆಚಾರಿಯವರು ಒಂದು ಮಧ್ಯಾಹ್ನ ಕುಳಿತು ಉಳಿಯಿಂದ ತೆಗೆದುಕೊಟ್ಟರು. ಅವರ ಮನೆಯಲ್ಲಿರುವ, ಒಂದು ಮೂಲೆ ಮುರಿದ ದೇವರ ಮಂಟಪದ ಹಲಗೆ ಈಗ ಚುಕ್ಕೆ ಹಾಕಿಸಿಕೊಂಡು ನನ್ನ ಶೆಡ್ಡಿನಲ್ಲಿದೆ.