ಮಿಕ್ಸಿ ಮೋಟರಿನ ತಂತಿ, ಗದಗದ 386 ಬೋರ್ಡ್

ಬ್ಯಾಟರಿ ಸೋರಿ ತಿಂದುಹಾಕಿದ 386 ಬೋರ್ಡ್ (ಹಳೇ ಕಾಲದ ಕಂಪ್ಯೂಟರಿನ ಮದರ್‌ಬೋರ್ಡ್) ರಿಪೇರಿ ಆಗಲ್ಲ ಅಂತ ಹುಬ್ಬಳ್ಳಿಯಲ್ಲಿ ನನಗೆ ಹೇಳದವರಿಲ್ಲ. ಈ ಕೆಲಸದಲ್ಲಿ ನನಗಿಂತ ಹಳಬರೇ "ಗುಜರಿಗೆ ಹಾಕ್ರಿ ಅದನ್ನ, ಸುಮ್ನ ಟೈಮ್ ಯಾಕ ಹಾಳ ಮಾಡ್ಕೋತೀರಿ" ಅಂದಿದ್ದರು. ಆ ಬೋರ್ಡ್ ಎರಡು ಮಳೆಗಾಲ ದಾಟಿ ಇವತ್ತಿಗೂ ನಡೆಯುತ್ತಿದೆ. ಇನ್ನಾದರೂ ಬರೆಯಬಹುದು ಅಂತ ಕೂತಿದ್ದೇನೆ.

ಮಷಿನ್ ಸಿಕ್ಕಿದ್ದು ಗದಗದ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಅಟ್ಟದ ಮೇಲೆ, ಹಳೇ ಕ್ಯಾಲೆಂಡರ್ ಕಟ್ಟುಗಳ ಕೆಳಗೆ. ಮಾಲೀಕರು 1500 ಕೇಳಿದರು, ಚೌಕಾಸಿ ಮಾಡಿ ಸಾವಿರಕ್ಕೆ ತಂದೆ. ನನ್ನ ಕಣ್ಣಿದ್ದದ್ದು ಒಳಗಿನ ಕಾರ್ಡಿನ ಮೇಲೆ. ಪುಣೆಯ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್ ಅದು. ನುಡಿ, ಬರಹ ಅನ್ನುವ ಕನ್ನಡ ತಂತ್ರಾಂಶಗಳೆಲ್ಲ ಬರುವ ಮೊದಲೇ ಡಾಸ್‌ನ ಕಪ್ಪು ಪರದೆಯಲ್ಲಿ ಕನ್ನಡ ತೋರಿಸುತ್ತಿದ್ದ ಕಾರ್ಡ್. ಬೇರೆ ಬೋರ್ಡಿಗೆ ಹಾಕಬಹುದಿತ್ತಲ್ವಾ ಅಂತೀರಿ. ಹಾಕಿ ನೋಡಿದೆ. ನನ್ನ ಪೆಂಟಿಯಂ ಬೋರ್ಡಿನಲ್ಲಿ ಅದು ಮೇಲೇಳಲೇ ಇಲ್ಲ. ಅದರ ಜೋಡಿ ಬೋರ್ಡನ್ನೇ ಬದುಕಿಸಬೇಕಿತ್ತು.

ಬೋರ್ಡಿನ ಮೇಲೆ ನೀಲಿ ಬಣ್ಣದ ನಿಕೆಲ್ ಕ್ಯಾಡ್ಮಿಯಂ ಬ್ಯಾಟರಿ, 3.6 ವೋಲ್ಟಿನದು. ಮುಂದಿನ ಕಥೆ ನಿಮಗೆ ಗೊತ್ತೇ ಇದೆ. ಹಸಿರು ಕಿಲುಬು ಕೀಬೋರ್ಡ್ ಸಾಕೆಟ್ ದಾಟಿ ಕೀಬೋರ್ಡ್ ನೋಡಿಕೊಳ್ಳುವ 8042 ಚಿಪ್‌ನ ಕಾಲಿನವರೆಗೂ ಹಬ್ಬಿತ್ತು. ವಿನೆಗರ್, ಹಲ್ಲುಜ್ಜುವ ಬ್ರಷ್, ನೀರು, ಐಸೊಪ್ರೊಪೈಲ್ ಆಲ್ಕೋಹಾಲ್, ಬಿಸಿಲು. ಅಷ್ಟಾದ ಮೇಲೆ ನೋಡಿದರೆ ತಾಮ್ರದ ಗೆರೆಗಳು ಅಲ್ಲಲ್ಲಿ ಪೂರ್ತಿ ಮಾಯ.

ಪೋಸ್ಟ್ ಕಾರ್ಡ್ (ಬೋರ್ಡ್ ಶುರುವಾಗುತ್ತಾ ಎಲ್ಲಿ ನಿಂತಿತು ಅಂತ ಅಂಕಿಯಲ್ಲಿ ತೋರಿಸುವ ಪರೀಕ್ಷೆಯ ಕಾರ್ಡ್) ಹಾಕಿದರೆ ಬರೀ ಎರಡು ಅಡ್ಡಗೆರೆ, ರೀಸೆಟ್ ದೀಪ ಆರುವುದೇ ಇಲ್ಲ. ಇಲ್ಲಿಗೇ ಜನ ಪ್ರೊಸೆಸರ್ ಸತ್ತಿದೆ ಅಂತ ಕೈಬಿಡುತ್ತಾರೆ. ನಾನು ಐಎಸ್‌ಎ ಸ್ಲಾಟಿನ (ಕಾರ್ಡ್ ಕೂರಿಸುವ ಜಾಗ) ಬಿ2 ಪಿನ್ನಿಗೆ, ಅಂದರೆ ರೀಸೆಟ್ ಸಿಗ್ನಲ್ಲಿಗೆ, ಪ್ರೋಬ್ ಇಟ್ಟೆ. ಸದಾ ಹೈ. ಅಂದರೆ ಬೋರ್ಡ್ ರೀಸೆಟ್‌ನಲ್ಲೇ ಕೂತಿದೆ, ಪ್ರೊಸೆಸರಿಗೆ ಇನ್ನೂ ಕೆಲಸವೇ ಶುರುವಾಗಿಲ್ಲ. ಪವರ್ ಸಪ್ಲೈಯ ಪಿ8 ಕನೆಕ್ಟರಿನ ಒಂದನೇ ಪಿನ್ನಿನಿಂದ ಹೊರಡುವ ಪವರ್ ಗುಡ್ ಗೆರೆ (ಕರೆಂಟ್ ಸರಿಯಾಗಿದೆ ಅಂತ ಬೋರ್ಡಿಗೆ ಹೇಳುವ ಸಿಗ್ನಲ್) ಈ ಬೋರ್ಡಿನಲ್ಲಿ ಬ್ಯಾಟರಿಯ ಪಕ್ಕದಲ್ಲೇ ಹೋಗುತ್ತದೆ. ಅದು ಕಡಿದಿತ್ತು. ಕೀಬೋರ್ಡ್ ಸಾಕೆಟ್ಟಿನ ಒಂದನೇ ಪಿನ್ನಿನಿಂದ 8042ರ ಒಂದನೇ ಕಾಲಿಗೂ, ಎರಡನೇ ಪಿನ್ನಿನಿಂದ 39ನೇ ಕಾಲಿಗೂ ಮೀಟರ್ ಬೀಪ್ ಅನ್ನಲಿಲ್ಲ. ಎಲ್ಲ ಸೇರಿ ಹದಿನೈದರ ಆಸುಪಾಸು ಗೆರೆ ಹೋಗಿದ್ದವು.

ದುಡ್ಡು ಹಾಳಾದದ್ದು ಈ ಗೆರೆ ಜೋಡಿಸುವುದರಲ್ಲೇ. ಮೊದಲು ಬೆಳ್ಳಿ ಬಣ್ಣದ ಕಂಡಕ್ಟಿವ್ ಪೆನ್, ಸುಮಾರು 900 ರೂಪಾಯಿ. ಬರೆದ ದಿನ ಚೆನ್ನಾಗಿತ್ತು. ಬೋರ್ಡ್ ನಾಲ್ಕು ಸಲ ಬಿಸಿಯಾಗಿ ಆರುವುದರೊಳಗೆ ಸಣ್ಣಗೆ ಬಿರುಕು ಬಿಟ್ಟು ರೆಸಿಸ್ಟೆನ್ಸ್ ಏರಿತು. ಆಮೇಲೆ ತಾಮ್ರದ ಅಂಟುಪಟ್ಟಿ. ಸೋಲ್ಡರಿಂಗ್ ಐರನ್ ತಾಗಿದ ಕೂಡಲೇ ಅಂಟು ಬಿಟ್ಟುಕೊಂಡು ಸುರುಳಿ ಸುತ್ತಿತು. ಪ್ಲಾಸ್ಟಿಕ್ ಹೊದಿಕೆಯ ಸಣ್ಣ ವೈರೂ ಆಗಲಿಲ್ಲ. ಬಿಸಿಗೆ ಹೊದಿಕೆ ಹಿಂದೆ ಸರಿಯುತ್ತದೆ, ಎರಡು ಕಾಲುಗಳ ನಡುವೆ ಎರಡನೇ ವೈರಿಗೆ ಜಾಗ ಇರುವುದಿಲ್ಲ. ಬೆಂಗಳೂರಿನಲ್ಲಿ ವಿಚಾರಿಸಿದೆ. ಏಳೆಂಟು ಸಾವಿರ, ಅದೂ ಗ್ಯಾರಂಟಿ ಇಲ್ಲ ಅಂದರು. ಅಷ್ಟೊತ್ತಿಗೆ ನನ್ನ ಜೇಬಿನಿಂದ ಮೂರು ಸಾವಿರದ ಹತ್ತಿರ ಹೋಗಿತ್ತು.

ದಾರಿ ಸಿಕ್ಕಿದ್ದು ಗೋಕುಲ ರೋಡಿನ ಕಡೆ ಒಂದು ವೈಂಡಿಂಗ್ ಅಂಗಡಿಯಲ್ಲಿ. ಮನೆಯ ನೀರಿನ ಮೋಟರ್ ಕೊಡಲು ಹೋಗಿದ್ದೆ. ಅವರು ಮಿಕ್ಸಿಯ ಆರ್ಮೇಚರ್ ಸುತ್ತುತ್ತಾ ಕೂತಿದ್ದರು. 38 ಗೇಜ್ ತಂತಿ, ಅಂದರೆ 0.15 ಮಿಲಿಮೀಟರ್. ಬೋರ್ಡಿನ ಗೆರೆಯಷ್ಟೇ ಅಗಲ, ಮೇಲೆ ಕರೆಂಟ್ ತಡೆಯುವ ಎನಾಮಲ್ ಲೇಪ ಬೇರೆ. "ಯಾಕ್ರೀ ಸರ, ಗೇಣುದ್ದ ವೈರ್ ತಗೊಂಡು ಏನ್ ಮಾಡಾವ್ರು?" ಅಂತ ನಕ್ಕು, ಒಂದು ಮುಷ್ಟಿ ಸುಮ್ನೆ ಕೊಟ್ಟರು. ರೊಕ್ಕ ಮುಟ್ಟಲಿಲ್ಲ.

ಮೋಟರ್ ತಂತಿಯ ಎನಾಮಲ್ ಬಿಸಿ ತಡೆಯಲೆಂದೇ ಮಾಡಿದ್ದು, ನಮ್ಮ ಐರನ್ನಿಗೆ ಜಗ್ಗಲ್ಲ. ತುದಿಯನ್ನು ಬ್ಲೇಡಿನಿಂದ ತಿರುಗಿಸಿ ತಿರುಗಿಸಿ ಕೆರೆಯಬೇಕು. ಕಂದು ಬಣ್ಣ ಹೋಗಿ ಗುಲಾಬಿ ತಾಮ್ರ ಕಂಡ ಮೇಲೆ ಸೀಸ ಹಿಡಿಸಬೇಕು. ಬೋರ್ಡಿನ ಕಡೆಯೂ ಹಸಿರು ಪದರವನ್ನು ಎರಡು ಮೂರು ಮಿಲಿಮೀಟರ್ ಕೆರೆದು, ಕಪ್ಪಾಗದ ತಾಮ್ರ ಸಿಗುವವರೆಗೆ ಹಿಂದೆ ಸರಿಯಬೇಕು. ಕಪ್ಪಿನ ಮೇಲೆ ಬೆಸುಗೆ ಕೂರುವುದಿಲ್ಲ. ತಂತಿಯನ್ನು ಹಳೇ ಗೆರೆ ಹೋದ ದಾರಿಯಲ್ಲೇ ಮಲಗಿಸಿ, ಎರಡೂ ತುದಿ ಬೆಸೆದು, ಮೇಲೆ ಉಗುರಿನ ಬಣ್ಣ. ಮನೆಯವರ ಬಾಟಲಿ ಖಾಲಿಯಾದ ಜಗಳ ಬೇರೆ. ವಯಾ (ಬೋರ್ಡಿನ ಎರಡು ಬದಿಯ ಗೆರೆ ಕೂಡಿಸುವ ಸಣ್ಣ ತೂತು) ಒಳಗೆ ಕೊಳೆತಿದ್ದರೆ ಅದೇ ತಂತಿಯನ್ನು ತೂತಿನಲ್ಲಿ ತೂರಿಸಿ ಎರಡೂ ಕಡೆ ಬೆಸೆಯಿರಿ. ಯಾವ ವಯಾ ಕೊಳೆತಿದೆ ಅಂತ ಮೀಟರ್ ಇಲ್ಲದೆ ಗುರುತಿಸುವ ಒಂದು ಉಪಾಯ ನನ್ನ ಹತ್ತಿರ ಇದೆ. ಅದನ್ನು ಇಲ್ಲಿ ಬರೆಯಲ್ಲ, ಹೊಟ್ಟೆಪಾಡಿನ ವಿಷಯ. ಬೆಸುಗೆ ಹಿಡಿಯಲು ಹಚ್ಚುವ ಫ್ಲಕ್ಸಿಗೆ ಏನು ಬೆರೆಸುತ್ತೇನೆ ಅನ್ನುವುದೂ ಅಷ್ಟೇ.

ಪವರ್ ಗುಡ್ ಗೆರೆ ಕೂತ ಕೂಡಲೇ ರೀಸೆಟ್ ದೀಪ ಮಿಂಚಿ ಆರಿತು, ಪೋಸ್ಟ್ ಕಾರ್ಡಿನಲ್ಲಿ ಅಂಕಿಗಳು ಓಡಿದವು. ಹಳೇ ಬ್ಯಾಟರಿ ಜಾಗಕ್ಕೆ ಮತ್ತೆ ಬ್ಯಾಟರಿ ಬೇಡ. ಹೊರಗಿನ ಬ್ಯಾಟರಿ ಪಿನ್ನಿಗೆ ಮೂರು ಪೆನ್ ಸೆಲ್, ನಡುವೆ ಒಂದು ಡಯೋಡ್. ಸೆಲ್ ಡಬ್ಬಿ ಬೋರ್ಡಿನಿಂದ ದೂರ, ಕ್ಯಾಬಿನೆಟ್ಟಿನ ಗೋಡೆಗೆ. ಹಾರ್ಡ್ ಡಿಸ್ಕ್ ಬದಲು ಸಿಎಫ್ ಅನ್ನುವ ಮೆಮೊರಿ ಕಾರ್ಡ್, ಬಯಾಸ್ ಸೆಟ್ಟಿಂಗ್‌ನಲ್ಲಿ ಟೈಪ್ 47, ಅಂದರೆ ಡಿಸ್ಕಿನ ಅಳತೆ ನಾವೇ ತುಂಬುವ ಬಗೆ.

ನಡುವೆ ಒಂದು ಅಡ್ಡದಾರಿ. ಕ್ಯಾಬಿನೆಟ್ ಮುಖ ಹಳದಿ ತಿರುಗಿತ್ತು. ಪಾರ್ಲರಿನ ಪೆರಾಕ್ಸೈಡ್ ಕ್ರೀಮ್ ಹಚ್ಚಿ, ಪ್ಲಾಸ್ಟಿಕ್ ಸುತ್ತಿ ಏಪ್ರಿಲ್ ಬಿಸಿಲಿಗೆ ತಾರಸಿ ಮೇಲಿಟ್ಟೆ. ಬೆಳ್ಳಗಾಯಿತು, ಆದರೆ ಕ್ರೀಮ್ ಒಣಗಿದಲ್ಲಿ ಪಟ್ಟೆಪಟ್ಟೆ. ಔಷಧಿ ಅಂಗಡಿಯ ತೆಳು ಪೆರಾಕ್ಸೈಡನ್ನು ಟಬ್ಬಿಗೆ ಸುರಿದು ಮುಳುಗಿಸಿಟ್ಟಾಗ ಒಂದೇ ಸಮ ಬಂತು. ಜೂನ್ ಹಿಡಿದ ಮೇಲೆ ಇದಕ್ಕೆ ಕೈ ಹಾಕಬೇಡಿ, ಇಲ್ಲಿಯ ಮೋಡದಲ್ಲಿ ಏನೂ ಆಗಲ್ಲ.

ಜಿಸ್ಟ್ ಜೊತೆಗಿದ್ದ ಐದೂಕಾಲು ಇಂಚಿನ ಫ್ಲಾಪಿಗೆ ಬೂಷ್ಟು ಹಿಡಿದಿತ್ತು. ಕವರಿನ ಒಂದು ಅಂಚು ಕೊಯ್ದು ಡಿಸ್ಕ್ ಹೊರತೆಗೆದೆ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿದ ನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಬೇರೆ ಕವರಿಗೆ ಸೇರಿಸಿದೆ. ಡ್ರೈವ್ ಹೆಡ್ ಒರೆಸುತ್ತಾ ಒರೆಸುತ್ತಾ ಓದಿಸಿದಾಗ ಎಲ್ಲ ಸೆಕ್ಟರೂ ಬಂದವು. ಕಾರ್ಡ್ ಹಾಕಿ ಇನ್‌ಸ್ಕ್ರಿಪ್ಟ್ ಕೀಲಿಮಣೆ ವಿನ್ಯಾಸದಲ್ಲಿ ಇಂಗ್ಲಿಷಿನ ಐ, ಓ, ಐ ಕೀಲಿ ಒತ್ತಿದೆ. ಪರದೆಯಲ್ಲಿ 'ಗದಗ'. ಗುಜರಿಗೆ ಹಾಕ್ರಿ ಅಂದವರನ್ನು ಆ ಸಂಜೆಯೇ ಚಹಾಕ್ಕೆ ಕರೆದೆ, ಕರೆಯದೆ ಬಿಡುತ್ತೇನಾ?

ಕೆಟ್ಟ ಪ್ರಯೋಗಗಳನ್ನು ಬಿಟ್ಟರೆ ರಿಪೇರಿಗೆ ಬಿದ್ದ ಖರ್ಚು 1200ರ ಹತ್ತಿರ. ಅದರಲ್ಲಿ ಜಾಸ್ತಿ ಪೋಸ್ಟ್ ಕಾರ್ಡು, ಸಿಎಫ್ ಅಡಾಪ್ಟರಿನದ್ದು. ಈಗ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಹಳೇ ಲೆಕ್ಕದ 486 ಬಂದಿದೆ. ಗೆರೆಗಳು ಇನ್ನೂ ಸಣ್ಣ, ಕೆಲವು ಸ್ಲಾಟಿನ ಅಡಿಯಲ್ಲೇ ಹೋಗಿವೆ. ಅದಕ್ಕೆ 40 ಗೇಜ್ ತಂತಿ ಹೇಳಿಟ್ಟಿದ್ದೇನೆ. ಸ್ಲಾಟ್ ಕಿತ್ತು ಕೂರಿಸಲು ಒಳ್ಳೆಯ ಡೀಸೋಲ್ಡರಿಂಗ್ ಗನ್ ಬಾಡಿಗೆಗೆ ಕೊಡುವವರು ಧಾರವಾಡದ ಕಡೆ ಯಾರಾದರೂ ಇದ್ದರೆ ತಿಳಿಸಿ.