ಕಾಡು ಬೆಳೆದ ಸಣ್ಣ ಅಲಾಟ್‌ಮೆಂಟ್: ಒಪ್ಪಬೇಕೇ, ಬಿಡಬೇಕೇ?

ಬ್ರಿಟನ್ನಿನಲ್ಲಿ ಅಲಾಟ್‌ಮೆಂಟಿಗೆ, ಅಂದರೆ ತರಕಾರಿ ಬೆಳೆಯಲು ಬಾಡಿಗೆಗೆ ಸಿಗುವ ತುಂಡು ನೆಲಕ್ಕೆ, ಹೆಸರು ಬರೆಸಿ ವರ್ಷಗಟ್ಟಲೆ ಕಾದವರಿಗೆ ಕೊನೆಗೊಂದು ದಿನ ಕೌನ್ಸಿಲ್‌ನಿಂದಲೋ (ಅಲ್ಲಿನ ಸ್ಥಳೀಯ ಆಡಳಿತ) ಸೈಟಿನ, ಅಂದರೆ ಇಂಥ ಪ್ಲಾಟುಗಳೆಲ್ಲ ಇರುವ ಜಾಗದ, ಕಾರ್ಯದರ್ಶಿಯಿಂದಲೋ ಇಮೇಲ್ ಬರುತ್ತದೆ: ಒಂದು ಪ್ಲಾಟ್ ಖಾಲಿಯಿದೆ, ಸಣ್ಣದು, ಸ್ವಲ್ಪ ಕಳೆಯಿದೆ, ಬೇಗ ತಿಳಿಸಿ. ಹೋಗಿ ನೋಡಿದರೆ ಆ ‘ಸ್ವಲ್ಪ ಕಳೆ’ ಎದೆಮಟ್ಟ ನಿಂತಿರುತ್ತದೆ. ಅದನ್ನು ಕಂಡು ಹೆದರಿ ಬೇಡ ಎನ್ನುವವರೂ ಇದ್ದಾರೆ, ಕಾದದ್ದು ದಂಡವಾದೀತೆಂದು ನೋಡದೆಯೇ ಸಹಿ ಹಾಕುವವರೂ ಇದ್ದಾರೆ. ಎರಡೂ ತಪ್ಪು. ಪ್ಲಾಟಿನ ಹಣೆಬರಹ ಇರುವುದು ನೆಲದ ಮೇಲೆ ಕಾಣುವುದರಲ್ಲಲ್ಲ, ಒಂದು ಗೇಣು ಕೆಳಗೆ.

ಮೊದಲು ಅಳತೆ. ಅಲಾಟ್‌ಮೆಂಟಿನವರು ಇಂದಿಗೂ ರಾಡ್ ಲೆಕ್ಕದಲ್ಲೇ ಮಾತಾಡುತ್ತಾರೆ; ಪೋಲ್, ಪರ್ಚ್ ಅಂದರೂ ಅದೇ. ಒಂದು ಚದರ ರಾಡ್ ಅಂದರೆ 25 ಚದರ ಮೀಟರಿಗಿಂತ ಚೂರು ಹೆಚ್ಚು. ಪೂರ್ತಿ ಪ್ಲಾಟು 10 ರಾಡ್, ಅಂದರೆ ಸುಮಾರು 250 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ. ಅರ್ಧ ಪ್ಲಾಟು ನಮ್ಮ 30×40 ಅಡಿಯ ಮನೆ ಸೈಟಿಗಿಂತ ಸ್ವಲ್ಪ ದೊಡ್ಡದು. ‘ಸಣ್ಣದು’ ಎಂದು ಕೊಡುವುದು ಸಾಮಾನ್ಯವಾಗಿ ಕಾಲು ಪ್ಲಾಟು, 60 ಚದರ ಮೀಟರ್ ಆಸುಪಾಸು. ಕೆಲಸಕ್ಕೆ ಹೋಗುವ ಇಬ್ಬರಿರುವ ಮನೆಗೆ, ಅದರಲ್ಲೂ ನೆಲ ಕಾಡಾಗಿದ್ದರೆ, ಇದು ಕೊರತೆಯಲ್ಲ, ಅನುಕೂಲ. ಗಾರ್ಡನ್ ಫೋರ್ಕ್ ಹಿಡಿದು ಬೇರು ಆರಿಸುತ್ತಾ ಅಗೆದರೆ ಒಂದು ಚದರ ಮೀಟರಿಗೆ 20ರಿಂದ 30 ನಿಮಿಷ ಬೇಕು. 60 ಚದರ ಮೀಟರಿಗೆ 20ರಿಂದ 30 ಗಂಟೆ; ಒಂದು ಚಳಿಗಾಲದ ಶನಿವಾರಗಳಲ್ಲಿ ಮುಗಿಯುವ ಕೆಲಸ. ಪೂರ್ತಿ ಪ್ಲಾಟಿಗೆ ಅದು ನೂರು ಗಂಟೆ ದಾಟಬಹುದು, ಮತ್ತು ಈ ಕೊನೆ ಅಗೆಯುವಷ್ಟರಲ್ಲಿ ಆ ಕೊನೆ ಮತ್ತೆ ಹಸಿರಾಗಿರುತ್ತದೆ.

ಕಳೆಯ ಗುರುತು ಹಿಡಿಯುವುದು

ನೋಡಲು ಹೋಗುವಾಗ ಗಟ್ಟಿ ಬೂಟು, ದಪ್ಪ ಕೈಗವಸು, ಒಂದು ಫೋರ್ಕ್, ಒಂದು ಬಾಟಲಿ ನೀರು, ಅಳತೆ ಟೇಪು ಜೊತೆಗಿರಲಿ. ಕಾರ್ಯದರ್ಶಿಯನ್ನು ಕೇಳಿ ಮೂರು ಕಡೆ ಒಂದೊಂದು ಗುಣಿ ತೋಡಿ: ನಡುವೆ ಒಂದು, ಬೇಲಿಯ ಪಕ್ಕ ಒಂದು, ಅತಿ ತಗ್ಗಿನ ಮೂಲೆಯಲ್ಲಿ ಒಂದು. 30 ಸೆಂ.ಮೀ. ಆಳ ಸಾಕು.

ಕಣ್ಣಿಗೆ ಅತಿ ಭಯಂಕರವಾಗಿ ಕಾಣುವುದು ಬ್ರ್ಯಾಂಬಲ್, ಅಂದರೆ ಕಾಡು ಬ್ಲ್ಯಾಕ್‌ಬೆರಿಯ ಮುಳ್ಳುಪೊದೆ. ನಿಜದಲ್ಲಿ ಇದೇ ಸುಲಭ. ಎಷ್ಟೇ ಹಬ್ಬಿದ್ದರೂ ಅದು ಮತ್ತೆ ಚಿಗುರುವುದು ಬುಡದ ಗಡ್ಡೆಯಿಂದ ಮತ್ತು ತುದಿ ನೆಲಕ್ಕೆ ತಾಗಿ ಬೇರುಬಿಟ್ಟ ಕಡೆಯಿಂದ. ಕಾಂಡವನ್ನು ಮೊಣಕಾಲೆತ್ತರ ಉಳಿಸಿ ಕತ್ತರಿಸಿ. ಆ ಮೋಟನ್ನೇ ಹಿಡಿಯಾಗಿ ಮಾಡಿಕೊಂಡು ಪಿಕಾಸಿಯಿಂದ ಬುಡ ಎಬ್ಬಿಸಿದರೆ ಮುಗಿಯಿತು. ನೆಲಕ್ಕೆ ಸಮನಾಗಿ ಕತ್ತರಿಸಿಬಿಟ್ಟರೆ ಹಿಡಿಯಲು ಏನೂ ಸಿಗದೆ ಒದ್ದಾಡಬೇಕಾಗುತ್ತದೆ. ಆಳೆತ್ತರದ ನೆಟಲ್, ಮುಟ್ಟಿದರೆ ನಮ್ಮ ತುರಚಿಯಂತೆಯೇ ಉರಿಯುವ ಗಿಡ, ಕಂಡರೆ ಸಂತೋಷಪಡಿ: ಅದು ಸತ್ವವಿರುವ ಮಣ್ಣಿನಲ್ಲೇ ಹಾಗೆ ಬೆಳೆಯುವುದು, ಅದರ ಹಳದಿ ಬೇರು ಮೇಲ್ಮೇಲೆ ಹರಡಿ ಎಳೆದರೆ ಬರುತ್ತದೆ.

ಕೌಚ್ ಹುಲ್ಲು ನಮ್ಮ ಗರಿಕೆಯ ಬಿಳಿಯ ಸೋದರನಂತೆ. ಚೂಪು ತುದಿಯ ಬಿಳಿ ಬೇರುಕಾಂಡಗಳು ಮೇಲಿನ 15 ಸೆಂ.ಮೀ. ಮಣ್ಣಲ್ಲಿ ಚಾಪೆ ಹೆಣೆದಿರುತ್ತವೆ. ಬೇಸರದ ಕೆಲಸ, ಆದರೆ ಮುಗಿಯುವ ಕೆಲಸ.

ಬೈಂಡ್‌ವೀಡ್ ಎರಡು ಬಗೆ. ದೊಡ್ಡ ಬಿಳಿ ಹೂವಿನದು ಬೇಲಿಗೆ ಹಬ್ಬುತ್ತದೆ. ಅದರ ದಪ್ಪ ಬೇರು ಬಹುಪಾಲು ಮೇಲಿನ ಮಣ್ಣಲ್ಲೇ ಇರುವುದರಿಂದ ಎರಡು ಮೂರು ವರ್ಷ ಬಿಡದೆ ತೆಗೆದರೆ ಹತೋಟಿಗೆ ಬರುತ್ತದೆ. ಸಣ್ಣ ಗುಲಾಬಿ-ಬಿಳಿ ಹೂವಿನ ಹೊಲದ ಬೈಂಡ್‌ವೀಡ್ ಎರಡು ಮೀಟರಿಗೂ ಕೆಳಗೆ ಇಳಿಯಬಲ್ಲದು. ಎರಡರ ಬೇರೂ ಶಾವಿಗೆಯಂತೆ ಪಟಪಟ ಮುರಿಯುತ್ತದೆ, ಉಳಿದ ಒಂದೊಂದು ತುಂಡೂ ಹೊಸ ಗಿಡ. ಇನ್ನು ಹಾರ್ಸ್‌ಟೇಲ್: ಬೇಸಿಗೆಯಲ್ಲಿ ಪುಟ್ಟ ದೇವದಾರು ಸಸಿಯಂತೆ ಕಾಣುವ ಒರಟು ಹಸಿರು, ಗುಣಿಯಲ್ಲಿ ಕಪ್ಪು ಹುರಿಯಂಥ ಬೇರು. ಇದನ್ನು ಅಗೆದು ಮುಗಿಸಿದವರಿಲ್ಲ. ಕಂಡಾಗಲೆಲ್ಲ ಕತ್ತರಿಸುತ್ತಾ ಅದರ ಜೊತೆಗೇ ಬೆಳೆ ತೆಗೆಯುವವರು ಬೇಕಾದಷ್ಟಿದ್ದಾರೆ. ಇದೊಂದೇ ಕಾರಣಕ್ಕೆ ಪ್ಲಾಟು ಬಿಡಬೇಕಿಲ್ಲ, ಆದರೆ ನೆರಳು, ದೂರದಂಥ ಇನ್ನೊಂದು ತೊಂದರೆಯೂ ಸೇರಿಕೊಂಡಿದ್ದರೆ ಬಿಡಿ.

ಜಪಾನೀಸ್ ನಾಟ್‌ವೀಡ್ ಮಾತ್ರ ಬೇರೆಯೇ ವಿಷಯ. ನೇರಳೆ ಚುಕ್ಕೆಯ ಟೊಳ್ಳು ಕಾಂಡ, ನೋಡಿದರೆ ಬಿದಿರು. ಚಳಿಗಾಲದಲ್ಲಿ ಒಣಗಿ ಕಂದು ಕಡ್ಡಿಗಳಾಗಿ ನಿಂತಿರುತ್ತದೆ. ಇದರ ತುಂಡನ್ನೂ ಅದು ಬೆಳೆದ ಮಣ್ಣನ್ನೂ ಮಾಮೂಲಿ ಕಸದಂತೆ ಎಸೆಯುವಂತಿಲ್ಲ. 1990ರ ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ ಅದು ನಿಯಂತ್ರಿತ ತ್ಯಾಜ್ಯ. ಕೌನ್ಸಿಲ್ ತಾನೇ ತೆಗೆಸಿಕೊಟ್ಟ ಮೇಲೆ ಬರುತ್ತೇನೆಂದು ಹೇಳಿ, ಅಲ್ಲಿಯವರೆಗೆ ಸಹಿ ಬೇಡ.

ನೋಡಲು ಹೋಗುವ ಕಾಲವೂ ಮುಖ್ಯ. ಡಿಸೆಂಬರ್‌ನಲ್ಲಿ ಬೈಂಡ್‌ವೀಡೂ ಹಾರ್ಸ್‌ಟೇಲೂ ನೆಲದ ಮೇಲೆ ಇರುವುದೇ ಇಲ್ಲ, ಪ್ಲಾಟು ಸಾಧುವಾಗಿ ಕಾಣುತ್ತದೆ. ಆಗ ಬೇಲಿ ತಂತಿಗೆ ಸುತ್ತಿಕೊಂಡ ಒಣ ಬಳ್ಳಿ ಹುಡುಕಿ, ಪಕ್ಕದ ಪ್ಲಾಟಿನವರನ್ನು ಕೇಳಿ. ಪಕ್ಕದವರಿಗೆ ಗೊತ್ತಿಲ್ಲದ ಕಳೆ ಯಾವ ಸೈಟಿನಲ್ಲೂ ಇಲ್ಲ.

ಮಣ್ಣು, ನೀರು, ಬಿಸಿಲು

ತೋಡಿದ ಗುಣಿಗೆ ನೀರು ಸುರಿದು ಇಂಗಲು ಬಿಡಿ, ಮತ್ತೊಮ್ಮೆ ತುಂಬಿಸಿ. ಎರಡನೆಯ ಸಲದ ನೀರು ಮರುದಿನವೂ ನಿಂತಿದ್ದರೆ ಚಳಿಗಾಲದಲ್ಲಿ ಬೇರು ಕೊಳೆಯುತ್ತದೆ. ಸಣ್ಣ ಪ್ಲಾಟಿನಲ್ಲಿ ಮಡಿ ಎತ್ತರಿಸಿ ಇದನ್ನು ಸರಿಮಾಡಬಹುದು, ಆದರೆ ಮಣ್ಣು ತರಿಸುವ ಖರ್ಚನ್ನು ಈಗಲೇ ಲೆಕ್ಕಕ್ಕೆ ಹಿಡಿಯಿರಿ.

ಬಿಸಿಲಿಗೆ ಪರಿಹಾರವೇ ಇಲ್ಲ. ದಕ್ಷಿಣಕ್ಕೆ ದೊಡ್ಡ ಮರ ಅಥವಾ ಗೋಡೆಯಿದ್ದರೆ, ಬೇಸಿಗೆಯಲ್ಲೂ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳದಿದ್ದರೆ, ಟೊಮೇಟೊ, ಬೀನ್ಸ್, ಕುಂಬಳದ ಆಸೆ ಬಿಡಬೇಕು. ಬೇಗ ಎತ್ತರ ಬೆಳೆಯುವ ಲೇಲ್ಯಾಂಡಿ ಮರದ ಬೇಲಿಯ ಪಕ್ಕವಾದರೆ ನೆರಳಿನ ಜೊತೆಗೆ ಅದರ ಬೇರು ನೀರನ್ನೂ ಕುಡಿಯುತ್ತದೆ.

ನೀರಿನ ತೊಟ್ಟಿ ಎಷ್ಟು ಹೆಜ್ಜೆ ದೂರ ಎಂದು ನಡೆದು ಎಣಿಸಿ. ಹೋಸ್‌ಪೈಪ್ ಬಳಸಲು ಬಿಡದ ಸೈಟುಗಳಿವೆ. ತಲಾ 10 ಲೀಟರಿನ ಎರಡು ಕ್ಯಾನ್ ಹೊತ್ತು ನೂರು ಹೆಜ್ಜೆ, ಜುಲೈನಲ್ಲಿ ಹತ್ತು ಸುತ್ತು. ಮನೆಯಿಂದ ದೂರವೂ ಹೀಗೆಯೇ. ಅರ್ಧ ಗಂಟೆ ಪ್ರಯಾಣವಿದ್ದರೆ ವಾರಕ್ಕೊಮ್ಮೆ ಹೋಗುವುದೂ ತಪ್ಪುತ್ತಾ ಬರುತ್ತದೆ. ಕಾಡು ಬೆಳೆದ ಪ್ಲಾಟುಗಳಲ್ಲಿ ಎಷ್ಟೋ ಹೀಗೇ ಕಾಡಾದವು.

ರೋಗದ ಇತಿಹಾಸ ಮಣ್ಣು ನೋಡಿದರೆ ತಿಳಿಯುವುದಿಲ್ಲ, ಕೇಳಿಯೇ ತಿಳಿಯಬೇಕು. ಕೋಸಿನ ಜಾತಿಗೆ ತಗಲುವ ಕ್ಲಬ್‌ರೂಟ್, ಈರುಳ್ಳಿ ಬೆಳ್ಳುಳ್ಳಿಯ ವೈಟ್ ರಾಟ್, ಎರಡೂ ಮಣ್ಣಲ್ಲಿ ಬಹಳ ವರ್ಷ ಉಳಿಯುತ್ತವೆ. ಇದ್ದರೂ ಪ್ಲಾಟು ವ್ಯರ್ಥವಲ್ಲ. ಏನು ಬೆಳೆಯಬಾರದೆಂದು ಮೊದಲೇ ಗೊತ್ತಾಗುತ್ತದೆ, ಅಷ್ಟೇ. ಕ್ಲಬ್‌ರೂಟ್ ಹುಳಿ ಮಣ್ಣಿನಲ್ಲಿ ಹೆಚ್ಚು ಕಾಡುವುದರಿಂದ ಪಿಎಚ್ ಪರೀಕ್ಷಿಸಿ, 6.5ಕ್ಕಿಂತ ತೀರ ಕೆಳಗಿದ್ದರೆ ಸುಣ್ಣ ಹಾಕಬೇಕು.

ಹೂತಿಟ್ಟ ಕಸ

ಮುಳ್ಳುಪೊದೆಯ ಹೊಟ್ಟೆಯಲ್ಲಿ ಏನಿದೆ ಎಂದು ಕೋಲಿನಿಂದ ತಡವಿ ನೋಡಿ. ಒಡೆದ ಗಾಜು, ಮುರಿದ ಗ್ರೀನ್‌ಹೌಸ್, ಹಳೆಯ ಕಾರ್ಪೆಟ್ ಸಾಮಾನ್ಯ. ಕಳೆ ಮುಚ್ಚಲೆಂದು ಹಾಸಿದ ಕಾರ್ಪೆಟ್ ಕೊಳೆತು ಅದರ ನೈಲಾನ್ ನೂಲಿನ ನಡುವೆಯೇ ಕೌಚ್ ಬೇರು ಹೆಣೆದುಕೊಂಡರೆ ಕೀಳುವಷ್ಟರಲ್ಲಿ ಸಾಕುಬೇಕಾಗುತ್ತದೆ. ಹಳೆಯ ಶೆಡ್ಡಿನ ಅಲೆಅಲೆಯಾದ ಬೂದು ಶೀಟು ಆಸ್ಬೆಸ್ಟಸ್ ಇದ್ದೀತು; ಮುರಿಯಬೇಡಿ, ಎಳೆಯಬೇಡಿ. ಫೋಟೊ ತೆಗೆದು, ಸಹಿಗೆ ಮೊದಲೇ ತೆಗೆಸಿಕೊಡಿ ಎಂದು ಬರಹದಲ್ಲಿ ಕೇಳಿ. ಇಡೀ ಪ್ಲಾಟಿನ ಫೋಟೊ ದಿನಾಂಕದೊಂದಿಗೆ ಇರಲಿ. ನಾಳೆ ಬಿಟ್ಟುಹೋಗುವಾಗ ಈ ಕಸ ನಿಮ್ಮದೇ ಎಂದು ಯಾರೂ ಹೇಳುವಂತಿರಬಾರದು.

ಕಾಗದಪತ್ರ

ಸೈಟು ಶಾಸನಬದ್ಧವೋ ತಾತ್ಕಾಲಿಕವೋ ಕೇಳಿ. ಇಂಗ್ಲೆಂಡಿನಲ್ಲಿ ಕೌನ್ಸಿಲ್ ಅಲಾಟ್‌ಮೆಂಟಿಗೆಂದೇ ಕೊಂಡ ಅಥವಾ ಮೀಸಲಿಟ್ಟ ನೆಲವನ್ನು 1925ರ ಅಲಾಟ್‌ಮೆಂಟ್ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿಯಿಲ್ಲದೆ ಮಾರುವಂತಿಲ್ಲ. ತಾತ್ಕಾಲಿಕ ಸೈಟಿಗೆ ಆ ರಕ್ಷಣೆಯಿಲ್ಲ. ಎರಡು ವರ್ಷ ಬೆವರು ಸುರಿಸಿ ಹಸನು ಮಾಡಿದ ಮೇಲೆ ನೆಲವೇ ಹೋದರೆ?

ಇನ್ನೊಂದು ಮಾತು. 1908ರ ಸಣ್ಣ ಹಿಡುವಳಿ ಮತ್ತು ಅಲಾಟ್‌ಮೆಂಟ್ ಕಾಯ್ದೆಯಡಿ, ಗೇಣಿ ಶುರುವಾಗಿ ಮೂರು ತಿಂಗಳು ಕಳೆದ ಮೇಲೆ ನಿಯಮ ಪಾಲಿಸಿಲ್ಲವೆಂದು ಕಂಡರೆ ಕೌನ್ಸಿಲ್ ಒಂದು ತಿಂಗಳ ನೋಟಿಸ್ ಕೊಟ್ಟು ಬಿಡಿಸಬಹುದು. ಹಾಗಾಗಿ ಸಾಗುವಳಿಯ ನಿಯಮವನ್ನು ಸರಿಯಾಗಿ ಓದಿ: ಮೊದಲ ವರ್ಷ ಎಷ್ಟು ಭಾಗ ಬೆಳೆಯಲ್ಲಿರಬೇಕು? ಕಪ್ಪು ಶೀಟು ಹೊದಿಸಿದ ನೆಲ ಸಾಗುವಳಿ ಎಂದು ಲೆಕ್ಕವೋ ಅಲ್ಲವೋ? ಕಾಡಾದ ಪ್ಲಾಟಿಗೆ ಮೊದಲ ವರ್ಷದ ಬಾಡಿಗೆಯಲ್ಲಿ ರಿಯಾಯಿತಿ, ಅಥವಾ ಒಮ್ಮೆ ಸವರಿಸಿಕೊಡುವ ವ್ಯವಸ್ಥೆ ಕೆಲವೆಡೆ ಇದೆ. ಕೇಳದೆ ಯಾರೂ ಕೊಡುವುದಿಲ್ಲ. ಇದನ್ನು ಬೇಡವೆಂದರೆ ಪಟ್ಟಿಯಲ್ಲಿ ನಿಮ್ಮ ಜಾಗ ಉಳಿಯುತ್ತದೆಯೇ, ಕೊನೆಗೆ ಹೋಗುತ್ತದೆಯೇ ಎಂಬುದನ್ನೂ ಕೇಳಿಟ್ಟುಕೊಳ್ಳಿ. ಉಳಿಯುತ್ತದೆ ಎಂದಾದರೆ ನಿರ್ಧಾರ ಎಷ್ಟೋ ಹಗುರ.

ಒಪ್ಪಿದಿರಾದರೆ

ಪೊದೆ ಸವರುವುದನ್ನು ಫೆಬ್ರವರಿ ಒಳಗೆ ಮುಗಿಸಿ. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಹಕ್ಕಿಗಳು ಗೂಡು ಕಟ್ಟುವ ಕಾಲ. ಬಳಕೆಯಲ್ಲಿರುವ ಗೂಡು ಕೆಡವುವುದು 1981ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಬುಡದಲ್ಲಿ ಮುಳ್ಳುಹಂದಿಯಂತೆ ಮೈಯೆಲ್ಲ ಮುಳ್ಳಿರುವ ಪುಟ್ಟ ಪ್ರಾಣಿ ಹೆಡ್ಜ್‌ಹಾಗ್ ಮಲಗಿರಬಹುದು, ನೋಡಿಕೊಂಡು ಕೈಯಿಂದಲೇ ಕತ್ತರಿಸಿ, ಬೆಂಕಿ ಹಚ್ಚಬೇಡಿ.

ಸವರಿದ ಕೂಡಲೇ ಮೂರರಲ್ಲಿ ಎರಡು ಭಾಗಕ್ಕೆ ಬೆಳಕು ತೂರದ ಕಪ್ಪು ಶೀಟು ಹೊದಿಸಿ, ಅಂಚನ್ನು ಮಣ್ಣಲ್ಲಿ ಹೂಳಿ. ಅಂಚು ಸಡಿಲವಿದ್ದರೆ ಮೊದಲ ಗಾಳಿಗೇ ಅದು ಪಕ್ಕದವರ ಬೀನ್ಸಿನ ಮೇಲಿರುತ್ತದೆ. ಕೌಚ್ ಹುಲ್ಲು ಸಾಯಲು ಒಂದು ಪೂರ್ತಿ ಬೆಳೆಗಾಲ ಬೇಕು, ಬೈಂಡ್‌ವೀಡಿಗೆ ಎರಡಾದರೂ ಬೇಕು. ಆರು ವಾರಕ್ಕೆ ತೆಗೆದು ನೋಡಿದರೆ ಹಳದಿಯಾಗಿರುತ್ತದೆ, ಸತ್ತಿರುವುದಿಲ್ಲ.

ಉಳಿದ ಮೂರನೇ ಒಂದು ಭಾಗವನ್ನಷ್ಟೇ ಅಗೆಯಿರಿ. ರೋಟವೇಟರ್ ಬಾಡಿಗೆಗೆ ತರುವ ಯೋಚನೆ ಬೇಡವೇ ಬೇಡ: ಒಂದು ಗಂಟೆಯಲ್ಲಿ ನೆಲ ಹದವಾದಂತೆ ಕಾಣುತ್ತದೆ, ಆದರೆ ಒಂದು ಬೇರು ನೂರು ತುಂಡಾಗಿ ನೂರೂ ಚಿಗುರುತ್ತವೆ. ಆಲೂಗಡ್ಡೆ ನೆಟ್ಟರೆ ನೆಲ ಸ್ವಚ್ಛವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಸ್ವಚ್ಛ ಮಾಡುವುದು ಆಲೂಗಡ್ಡೆಯಲ್ಲ, ನೆಡಲು, ಏರಿ ಹಾಕಲು, ಕೀಳಲು ಮೂರು ಸಲ ಅಗೆಯುವ ನಿಮ್ಮ ಕೈ. ಆದರೂ ಮೊದಲ ವರ್ಷಕ್ಕೆ ಅದೇ ಒಳ್ಳೆಯ ಬೆಳೆ. ಶೀಟು ಹೊದಿಸಿದ ಕಡೆ ಮೇ ಕೊನೆಗೆ, ಹಿಮದ ಭಯ ಕಳೆದ ಮೇಲೆ, ಮೀಟರಿಗೊಂದು ತೂತು ಕೊಯ್ದು ಗೊಬ್ಬರ ತುಂಬಿ ಕುಂಬಳದ ಸಸಿ ಇಡಿ; ಮುಚ್ಚಿದ ನೆಲವೂ ಬೆಳೆಯ ಲೆಕ್ಕಕ್ಕೆ ಬಂದೀತು.

ಪುಕ್ಕಟೆ ಕುದುರೆಗೊಬ್ಬರ ಸಿಕ್ಕಿತೆಂದು ನೇರವಾಗಿ ಸುರಿಯಬೇಡಿ. ಹುಲ್ಲುಗಾವಲಿಗೆ ಹೊಡೆದ ಅಮಿನೋಪೈರಾಲಿಡ್ ಕಳೆನಾಶಕ ಕುದುರೆಯ ಹೊಟ್ಟೆ ದಾಟಿ ಗೊಬ್ಬರದಲ್ಲೂ ಉಳಿದು ಬೀನ್ಸ್, ಟೊಮೇಟೊ, ಆಲೂಗಡ್ಡೆಯ ಎಲೆಗಳನ್ನು ಸುರುಳಿ ಮಾಡುತ್ತದೆ. ಒಂದು ಕುಂಡದಲ್ಲಿ ಆ ಗೊಬ್ಬರ ಬೆರೆಸಿದ ಮಣ್ಣು, ಇನ್ನೊಂದರಲ್ಲಿ ಬೆರೆಸದ್ದು ತುಂಬಿ ಎರಡರಲ್ಲೂ ಬ್ರಾಡ್ ಬೀನ್ಸ್ ಬಿತ್ತಿ, ನಾಲ್ಕೈದು ವಾರ ಕಾಯಿರಿ. ಗೊಬ್ಬರದ ಕುಂಡದಲ್ಲಿ ಮಾತ್ರ ಎಲೆ ಮುದುಡಿದರೆ ಆ ರಾಶಿಯನ್ನು ಪ್ಲಾಟಿಗೆ ತರಬೇಡಿ.